‘ಎದೆ ಹಿಡ್ಕೊಳ್ಳುತ್ತೆ’ ಅಂದವರ ಮಾತು ಪೂರ್ತಿ ಕೇಳಿ

ಮಾನ್ಯ ಸಂಪಾದಕರೇ,

ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಆರು ತಿಂಗಳು ಸರಿಯಾಗಿ ನಿದ್ದೆಯಿಲ್ಲ. ಆಪ್ತ ಸಮಾಲೋಚಕರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ‘ಸಂಜೆ ಆದ್ರೆ ಎದೆ ಹಿಡ್ಕೊಂಡ ಹಾಗಾಗುತ್ತೆ’ ಅಂದರು ಅಮ್ಮ. ‘ಇದು ಆಂಕ್ಸೈಟಿ, ಪಾಸಿಟಿವ್ ಆಗಿ ಯೋಚನೆ ಮಾಡಿ’ ಎಂದು ಉತ್ತರ ಬಂತು. ಅಮ್ಮ ಸುಮ್ನೆ ತಲೆಯಾಡಿಸಿದರು. ಆಮೇಲಿನ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟವಳು ನಾನು.

ಬೇರೆ ಕಡೆ ಹೋದೆವು. ಅಮ್ಮ ಅದೇ ಮಾತು ಹೇಳಿದರು. ಅಲ್ಲಿದ್ದವರು ‘ಸಂಜೆ ಎಷ್ಟು ಹೊತ್ತಿಗಮ್ಮ?’ ಎಂದು ಕೇಳಿ ಕಾದು ಕೂತರು. ನಾನು ಬಾಯಿ ತೆರೆದೆ, ಕೈಸನ್ನೆಯಲ್ಲೇ ತಡೆದರು. ಅಮ್ಮ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೂತಿದ್ದರು. ಕೊನೆಗೆ ‘ಆರೂವರೆಗೆ. ಅವರು ಬಂದು ಗೇಟು ತೆಗೆಯೋ ಹೊತ್ತು’ ಅಂದರು. ಮನೆಯಲ್ಲಿ ಯಾರಿಗೂ ಇದನ್ನು ಹೇಳಿರಲಿಲ್ಲ. ಮುಂದಿನ ಅರ್ಧ ಗಂಟೆ ನನ್ನನ್ನು ಹೊರಗೆ ಕೂರಿಸಿದರು.

ರೋಗಿ ಹೇಳಿದ್ದನ್ನು ಗಮನವಿಟ್ಟು ಕೇಳಿ, ಅದನ್ನೇ ಮತ್ತೆ ಅವರ ಮುಂದಿಡಬೇಕು, ಬುದ್ಧಿ ಹೇಳಲು ಅವಸರ ಮಾಡಬಾರದು ಎಂದು ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1940ರ ದಶಕದಲ್ಲೇ ಹೇಳಿದ್ದರು. ನಮ್ಮಲ್ಲಿ ಇದು ಇನ್ನೂ ಜಾಸ್ತಿ ಬೇಕು. ‘ಬೇಜಾರು’ ಅನ್ನುವ ಒಂದೇ ಮಾತು ನೋಡಿ. ದುಃಖವಾದರೂ ಬೇಜಾರು, ಗಂಡನ ಮೇಲೆ ಮುನಿಸಾದರೂ ಬೇಜಾರು, ಬದುಕೇ ಸಾಕು ಅನ್ನಿಸಿದರೂ ಬೇಜಾರು. ಕೇಳಿದ ತಕ್ಷಣ ‘ಡಿಪ್ರೆಶನ್’ ಅಂತ ಬರೆದುಕೊಂಡರೆ ಇದರಲ್ಲಿ ಯಾವುದು ಅಂತ ತಿಳಿಯೋದು ಹೇಗೆ?

ಜೊತೆಗೆ ಬಂದ ನಮ್ಮಂಥವರದೂ ತಪ್ಪಿದೆ. ಅತ್ತೆ ಪಕ್ಕದಲ್ಲೇ ಕೂತಿದ್ದರೆ ಸೊಸೆ ಏನು ತಾನೇ ಹೇಳಿಯಾಳು? 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಇದನ್ನು ಮೊದಲ ದಿನವೇ ಮನೆಯವರ ಎದುರಿಗೇ ಹೇಳಿಬಿಟ್ಟರೆ ಒಳ್ಳೆಯದು.

ಫೋನಿನಲ್ಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ (14416) ಇದೆ, ಕನ್ನಡದಲ್ಲೇ ಮಾತಾಡಬಹುದು. ಎದುರು ಕೂತು ಮಾತಾಡುವ ವ್ಯವಸ್ಥೆಯೂ ಹಾಗೇ ಆಗಬೇಕು. ಮನಃಶಾಸ್ತ್ರ ಓದುವ ಮಕ್ಕಳು ಪಾಠ ಇಂಗ್ಲಿಷಿನಲ್ಲಿ ಕಲಿತರೂ, ರೋಗಿಯ ಜೊತೆ ಕನ್ನಡದಲ್ಲಿ ಮಾತಾಡುವುದನ್ನು ಹಿರಿಯರ ಎದುರು ಅಭ್ಯಾಸ ಮಾಡಲಿ. ತಾಲ್ಲೂಕು ಆಸ್ಪತ್ರೆಗಳಿಗೆ ಸರ್ಕಾರ ಇನ್ನಷ್ಟು ಆಪ್ತ ಸಮಾಲೋಚಕರನ್ನು ನೇಮಿಸಲಿ. ಹೊರಗೆ ಉದ್ದ ಸಾಲು ಇದ್ದರೆ, ಅಮ್ಮನಂಥವರು ಸೆರಗು ಸುತ್ತುತ್ತಾ ಕೂತಷ್ಟು ಹೊತ್ತು ಕಾಯುವುದು ಯಾರಿಂದಲೂ ಆಗದು.

– ಓದುಗರೊಬ್ಬರು, ಹಾಸನ