ಅಭ್ಯರ್ಥಿಯ ಲೆಕ್ಕದ ಪಕ್ಕದಲ್ಲಿ ಇಲಾಖೆಯ ಲೆಕ್ಕವೂ ಪ್ರಕಟವಾಗಲಿ: ಮುಖ್ಯ ಚುನಾವಣಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಮುಖ್ಯ ಚುನಾವಣಾಧಿಕಾರಿಗಳಿಗೆ,
ಕರ್ನಾಟಕ ರಾಜ್ಯ, ಬೆಂಗಳೂರು.

ಮಾನ್ಯರೇ,

2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತಿದ್ದ ಸ್ನೇಹಿತರೊಬ್ಬರಿಗೆ ನಾನು ಚುನಾವಣಾ ಏಜೆಂಟನಾಗಿದ್ದೆ. ಸಹಕಾರ ಸಂಘದಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನೆಂಬ ಕಾರಣಕ್ಕೆ ಖರ್ಚಿನ ಪುಸ್ತಕಗಳು ನನ್ನ ಕೈಗೆ ಬಂದವು. ಮೇ 13ರಂದು ಮತ ಎಣಿಕೆ ಮುಗಿದು, ನಮ್ಮವರ ಠೇವಣಿಯೂ ಹೋಗಿ, ಜೊತೆಗಿದ್ದ ಹುಡುಗರೆಲ್ಲ ಹೊಲಮನೆಗೆ ಮರಳಿದ ಮೇಲೂ ನನ್ನ ಕೆಲಸ ಬಾಕಿಯೇ ಇತ್ತು. ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 78ನೇ ಕಲಂ ಪ್ರಕಾರ, ಗೆದ್ದವರಾಗಲಿ ಸೋತವರಾಗಲಿ, ಫಲಿತಾಂಶದ ದಿನದಿಂದ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ವೆಚ್ಚದ ಲೆಕ್ಕ ಸಲ್ಲಿಸಲೇಬೇಕು.

ಈ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಮತ ಕೇಳುವವರು ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಹೇಳಲೇಬೇಕು ಎಂದು ನಂಬಿದವನು ನಾನು. ಆದ್ದರಿಂದಲೇ ಆ ದಿನಗಳಲ್ಲಿ ಕಂಡದ್ದನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.

ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ದಿನದ ಖರ್ಚಿಗೆ ಬಿಳಿ ಹಾಳೆ, ನಗದಿಗೆ ಗುಲಾಬಿ ಹಾಳೆ, ಬ್ಯಾಂಕಿಗೆ ಹಳದಿ ಹಾಳೆ. ನಮಗೆ ಸಿಕ್ಕ ಪುಸ್ತಕದಲ್ಲಿ ಈ ಮೂರೂ ಇಂಗ್ಲಿಷಿನಲ್ಲಿದ್ದವು. ತರಬೇತಿ ಒಂದು ಬೆಳಗಿನ ಎರಡು ಗಂಟೆಗಳಲ್ಲಿ ಮುಗಿಯಿತು. ಒಬ್ಬರಿಗೆ ಇಡೀ ಚುನಾವಣೆಯಲ್ಲಿ ನಗದಾಗಿ ಕೊಡಬಹುದಾದದ್ದು ಒಟ್ಟು 10,000 ರೂಪಾಯಿ ಮಾತ್ರ ಎಂಬುದು, ಮೈಕ್ ಕಟ್ಟಿದ ಆಟೊದ ಚಾಲಕನಿಗೆ ದಿನದ ಬಾಡಿಗೆ ಕೊಡುತ್ತ ಹೋಗಿ ಮಿತಿಯ ಅಂಚಿಗೆ ಬಂದಾಗ ನಮಗೆ ತಿಳಿಯಿತು. ದೇವಸ್ಥಾನದವರು ಪ್ರೀತಿಯಿಂದ ಕೊಟ್ಟ ಐವತ್ತು ಕುರ್ಚಿಗಳಿಗೂ ಬೆಲೆ ಕಟ್ಟಿ ವೆಚ್ಚದಲ್ಲಿ ತೋರಿಸಬೇಕೆಂದು, ಅಭ್ಯರ್ಥಿಗಳ ಖರ್ಚಿನ ಮೇಲೆ ಕಣ್ಣಿಡಲು ಆಯೋಗ ನೇಮಿಸುವ ವೆಚ್ಚ ವೀಕ್ಷಕರ ಮೊದಲ ತಪಾಸಣೆಯಲ್ಲಿ ಗೊತ್ತಾಯಿತು. ನಾವು ನಿಜವಾಗಿ ಕೊಟ್ಟ ಶಾಮಿಯಾನದ ಬಾಡಿಗೆಗಿಂತ ಜಿಲ್ಲೆಯ ದರಪಟ್ಟಿಯ ದರ ಹೆಚ್ಚಿತ್ತು, ಆ ದರದಲ್ಲೇ ಅದನ್ನು ಮತ್ತೆ ಬರೆದೆವು. ಲೆಕ್ಕ ಬರೆದೇ ಬದುಕಿದ ನನಗೇ ಇಷ್ಟು ಕಷ್ಟವಾಗಿದ್ದರೆ, ಬರೆಯುವವರೇ ಇಲ್ಲದ ಅಭ್ಯರ್ಥಿಯ ಗತಿಯೇನು? ಸಮಯಕ್ಕೆ ಅಥವಾ ಕ್ರಮದಂತೆ ಲೆಕ್ಕ ಕೊಡದೆ, ತಕ್ಕ ಕಾರಣವನ್ನೂ ತೋರಿಸದಿದ್ದರೆ 10ಎ ಕಲಂ ಅಡಿ ಚುನಾವಣಾ ಆಯೋಗ ಅವರನ್ನು ಮೂರು ವರ್ಷ ಅನರ್ಹಗೊಳಿಸಬಹುದು.

ಕಾಗದವೇ ಬಾರದಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತದೆ. ಬಂದ ಕಾಗದದಲ್ಲಿರುವ ಅಂಕಿ ನಿಜವೇ ಎಂದು ನೋಡುವುದು ಬೇರೆಯೇ ಕೆಲಸ. ನಮ್ಮ ನಾಗಮಂಗಲ ಕ್ಷೇತ್ರದ 1994ರ ಚುನಾವಣೆಯಿಂದ ಎದ್ದ ಎಲ್.ಆರ್. ಶಿವರಾಮೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಲೆಕ್ಕ ತಪ್ಪಾಗಿದೆ ಎಂಬುದೊಂದೇ ಭ್ರಷ್ಟ ಆಚರಣೆ (ಆಯ್ಕೆಯನ್ನೇ ರದ್ದುಪಡಿಸಬಲ್ಲ ತಪ್ಪು) ಆಗದು, ವೆಚ್ಚ ಮಿತಿ ಮೀರಿರಬೇಕು ಎಂದಿತು; ಆದರೆ ಲೆಕ್ಕದ ಸತ್ಯಾಸತ್ಯತೆಯನ್ನು ಆಯೋಗ 10ಎ ಅಡಿ ಪರಿಶೀಲಿಸಬಹುದು ಎಂದೂ ಹೇಳಿತು. ಮಹಾರಾಷ್ಟ್ರದ ಅಶೋಕ್ ಚವಾಣ್ ಪ್ರಕರಣದಲ್ಲಿ 2014ರಲ್ಲಿ ಅದೇ ನಿಲುವನ್ನು ಎತ್ತಿಹಿಡಿಯಿತು. ಉತ್ತರ ಪ್ರದೇಶದ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಕಾಸಿಗಾಗಿ ಸುದ್ದಿಯ ವೆಚ್ಚ ಮುಚ್ಚಿಟ್ಟ ಕಾರಣಕ್ಕೆ ಆಯೋಗ 2011ರಲ್ಲಿ ಅನರ್ಹಗೊಳಿಸಿತು. ಅಧಿಕಾರ ಇದೆ ಎಂದಾಯಿತು. ಆ ಅಧಿಕಾರಕ್ಕೆ ಬೇಕಾದ ಪುರಾವೆಯೂ ತಮ್ಮ ಸಿಬ್ಬಂದಿಯ ಬಳಿಯೇ ಇರುತ್ತದೆ ಎಂಬುದು ನನ್ನ ಅನುಭವ.

ಏಕೆಂದರೆ ಪ್ರತಿ ಅಭ್ಯರ್ಥಿಯ ಹೆಸರಿನಲ್ಲೂ ವೆಚ್ಚ ವೀಕ್ಷಕರ ತಂಡ ಒಂದು ಶ್ಯಾಡೋ ರಿಜಿಸ್ಟರ್, ಅಂದರೆ ಆ ಅಭ್ಯರ್ಥಿಯ ಖರ್ಚಿನ ಬಗ್ಗೆ ಇಲಾಖೆಯದೇ ಆದ ಪ್ರತ್ಯೇಕ ಲೆಕ್ಕ, ಬರೆಯುತ್ತದೆ. ವಿಡಿಯೊ ತಂಡ ಸಭೆಯ ಚಿತ್ರೀಕರಣ ಮಾಡುತ್ತದೆ, ಲೆಕ್ಕದ ತಂಡ ಕುರ್ಚಿ, ಬ್ಯಾನರ್, ವಾಹನಗಳನ್ನು ಎಣಿಸಿ ದರ ಹಾಕುತ್ತದೆ. ನಮ್ಮ ಪುಸ್ತಕವನ್ನು ಈ ರಿಜಿಸ್ಟರಿನ ಸಾಲು ಸಾಲಿಗೂ ತಾಳೆ ನೋಡಿದರು, ನಾನು ಸಂತೋಷದಿಂದಲೇ ಉತ್ತರಿಸಿದೆ. 2022ರ ಜನವರಿಯಲ್ಲಿ ವಿಧಾನಸಭಾ ಅಭ್ಯರ್ಥಿಯ ಮಿತಿಯನ್ನು 40 ಲಕ್ಷಕ್ಕೆ ಏರಿಸಲಾಗಿತ್ತು. ನಮ್ಮ ಖರ್ಚು ಅದರ ಹತ್ತನೆಯ ಒಂದು ಭಾಗವನ್ನೂ ಮುಟ್ಟಲಿಲ್ಲ. ಅದೇ ರಸ್ತೆಯಲ್ಲಿ ನೂರಾರು ವಾಹನಗಳ ಮೆರವಣಿಗೆ ಹೋದದ್ದನ್ನು ಊರೇ ನೋಡಿದೆ. ಆ ದಿನ ರಿಜಿಸ್ಟರಿನಲ್ಲಿ ಏನು ಬರೆಯಲಾಯಿತು, ಅಭ್ಯರ್ಥಿ ಏನು ಬರೆದರು ಎಂಬುದನ್ನು ಊರಿನವರು ನೋಡುವಂತಿರಬೇಕು. (ಪಕ್ಷದ ತಾರಾ ಪ್ರಚಾರಕರ ಪ್ರಯಾಣದ ವೆಚ್ಚ ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ, ಪಕ್ಷದ ವೆಚ್ಚಕ್ಕೆ ಮಿತಿಯೇ ಇಲ್ಲ ಎಂಬುದು ನನಗೆ ತಿಳಿದಿದೆ, ಅದು ಸಂಸತ್ತು ಸರಿಪಡಿಸಬೇಕಾದ ಮಾತು.)

1961ರ ಚುನಾವಣಾ ನಿರ್ವಹಣೆ ನಿಯಮಗಳ 88ನೇ ನಿಯಮ, ಯಾರೇ ಆಗಲಿ ಒಂದು ರೂಪಾಯಿ ಶುಲ್ಕ ಕಟ್ಟಿ ಅಭ್ಯರ್ಥಿಯ ಲೆಕ್ಕ ನೋಡಬಹುದು ಎನ್ನುತ್ತದೆ. ಅಷ್ಟು ಉದಾರವಾದ ನಿಯಮದ ಫಲ ಇಂದು ಜನರಿಗೆ ಸಿಗುತ್ತಿಲ್ಲ, ಏಕೆಂದರೆ ಅಭ್ಯರ್ಥಿ ಬರೆದದ್ದನ್ನಷ್ಟೇ ನೋಡಿದರೆ ಹೋಲಿಸಲು ಇನ್ನೊಂದು ಲೆಕ್ಕ ಎದುರಿಗಿರುವುದಿಲ್ಲ. ಕೈಬರಹದ ಪುಟಗಳ ಸ್ಕ್ಯಾನ್ ಪ್ರತಿಯಲ್ಲಿ ಒಂದು ಹೆಸರನ್ನೋ ಮೊತ್ತವನ್ನೋ ಹುಡುಕಲೂ ಆಗುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಮುಖ್ಯ ಕೋರಿಕೆ ಇದು: ಪ್ರತಿ ಅಭ್ಯರ್ಥಿಯ ಲೆಕ್ಕದ ಜೊತೆಗೆ ಶ್ಯಾಡೋ ರಿಜಿಸ್ಟರನ್ನೂ, ಎರಡರ ನಡುವಿನ ವ್ಯತ್ಯಾಸವನ್ನು ಹೇಗೆ ಇತ್ಯರ್ಥಪಡಿಸಲಾಯಿತು ಎಂಬ ಟಿಪ್ಪಣಿಯನ್ನೂ ಹುಡುಕಲು ಬರುವ ರೂಪದಲ್ಲಿ ಕನ್ನಡದಲ್ಲಿ ಪ್ರಕಟಿಸಲು ಆಯೋಗದ ಒಪ್ಪಿಗೆ ಪಡೆಯಬೇಕು. ಪುಸ್ತಕಗಳನ್ನು ಕನ್ನಡದಲ್ಲಿ ಮುದ್ರಿಸಿ ಕೊಡುವುದಕ್ಕೂ, ಫಲಿತಾಂಶದ 26ನೇ ದಿನ ಲೆಕ್ಕ ತಾಳೆ ಮಾಡುವ ಸಭೆಗೆ ಮೊದಲೇ ಸೋತ ಅಭ್ಯರ್ಥಿಗಳನ್ನು ಕರೆದು ಒಂದು ದಿನ ನೆರವು ನೀಡುವುದಕ್ಕೂ ಕಾಯ್ದೆಯ ತಿದ್ದುಪಡಿ ಬೇಕಾಗದು. ಮುಂದಿನ ಉಪಚುನಾವಣೆಯಿಂದಲೇ ಇದನ್ನು ಆರಂಭಿಸಬಹುದು.

ನಮ್ಮ ಮೂರೂ ಪುಸ್ತಕಗಳ ಮತ್ತು ವೋಚರುಗಳ ನಕಲುಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಕನ್ನಡದ ನಮೂನೆ ಸಿದ್ಧಪಡಿಸುವಾಗ ಉಪಯೋಗಕ್ಕೆ ಬರುವುದಾದರೆ, ತಾವು ಹೇಳಿದ ದಿನ ಅವುಗಳನ್ನು ಬೆಂಗಳೂರಿಗೆ ತಂದು ತೋರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪಕ್ಷೇತರ ಅಭ್ಯರ್ಥಿಯೊಬ್ಬರ ಚುನಾವಣಾ ಏಜೆಂಟ್