ಪೆನ್ಸಿಲ್ಲಿನ ಒಂದು ಪ್ರಶ್ನೆ, ಹತ್ತು ತಿಂಗಳ ಓಡಾಟ

ನಾವು ಕೊಳ್ಳಲು ಹೊರಟಿದ್ದ ಹಳೇ ಮನೆ ಕಳೆದ ವಾರ ನಮ್ಮ ಹೆಸರಿಗೆ ರಿಜಿಸ್ಟರ್ ಆಯಿತು. "ಮನೆ ಏನಾಯ್ತು?" ಅಂತ ಹತ್ತು ತಿಂಗಳಿಂದ ಕೇಳಿ ಕೇಳಿ ನೀವೂ ಸುಸ್ತಾಗಿದ್ದೀರಿ, ತಪ್ಪಿಸಿಕೊಂಡು ಓಡಾಡಿ ನಾನೂ ಸುಸ್ತಾಗಿದ್ದೇನೆ. ಈಗ ಹೇಳುತ್ತೇನೆ.

ಮೊದಲ ಥ್ಯಾಂಕ್ಸ್ ನಮ್ಮ ವಕೀಲೆ ಮೇಡಂಗೆ. ನಾವು ಕೊಟ್ಟ ಜೆರಾಕ್ಸ್ ಕಟ್ಟನ್ನು ಅವರು ಇತ್ತೀಚಿನ ಪತ್ರದಿಂದ ಶುರುಮಾಡಿ ಹಿಂದಕ್ಕೆ ಓದಿದರು. ಈಗ ಮಾರುತ್ತಿರುವವರಿಗೆ ಮನೆ ಕೊಟ್ಟಿದ್ದು ಯಾರು? ಅವರಿಗೆ ಎಲ್ಲಿಂದ ಬಂತು? ಎರಡನೇ ಪ್ರಶ್ನೆಗೇ ಕಾಗದ ಕೈಕೊಟ್ಟಿತು. ಮೊದಲು ಕೊಂಡವರು ಒಬ್ಬ ಹಿರಿಯರು. 13 ವರ್ಷ ಆದಮೇಲೆ ಅದನ್ನು ಮಾರಿದ್ದು ಅವರ ದೊಡ್ಡ ಮಗ. ನಡುವೆ ವಿಲ್ ಇಲ್ಲ, ವಿಭಾಗ ಪತ್ರ ಇಲ್ಲ, ದಾನಪತ್ರವೂ ಇಲ್ಲ. ಮೇಡಂ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, "ಅಪ್ಪನ ಮನೆ ಇವರೊಬ್ಬರದೇ ಹೇಗಾಯ್ತು? ಬೇರೆ ಮಕ್ಕಳು ಇರಲಿಲ್ವಾ?" ಎಂದರು.

ಮನೆಯ ಮೇಲೆ ಸಾಲಗೀಲ ಇದೆಯೇ ಎಂದು ತೋರಿಸುವ 30 ವರ್ಷದ ಋಣಭಾರ ಪತ್ರವನ್ನು ನಾನು ಮುಂದಿಟ್ಟೆ. ಒಂದು ಹಳೇ ಸಾಲ ಬಿಟ್ಟರೆ ಏನೂ ಇಲ್ಲವಲ್ಲ ಅನ್ನುವ ಧೈರ್ಯ. ಅದರಲ್ಲಿ ರಿಜಿಸ್ಟರ್ ಆದದ್ದು ಮಾತ್ರ ಕಾಣುತ್ತದೆ ಎಂದರು ಮೇಡಂ. ಮನೆಯವರು ತೀರಿಕೊಂಡದ್ದು ಅದರಲ್ಲಿ ಬರುವುದಿಲ್ಲ. ಅಣ್ಣತಮ್ಮಂದಿರು ಬಾಯಿಮಾತಲ್ಲಿ ಪಾಲು ಮಾಡಿಕೊಂಡದ್ದೂ ಬರುವುದಿಲ್ಲ. ತೆರಿಗೆ ರಸೀದಿಗಳ ರಾಶಿಯೇ ಇತ್ತು, ಆದರೆ ತೆರಿಗೆ ಕಟ್ಟಿದವರೆಲ್ಲ ಮಾಲೀಕರಲ್ಲ. ಇಷ್ಟನ್ನು ನನ್ನ ತಲೆಗೆ ಹತ್ತಿಸಲು ಅವರಿಗೆ ಮೂರು ಭೇಟಿ ಬೇಕಾಯಿತು. ಮೂರನೇ ಸಲವೂ ಸಿಡುಕಲಿಲ್ಲ. ಮುಂಗಡ ಕೊಡುವ ಮೊದಲು ಕರಾರಿನಲ್ಲಿ ಒಂದು ಸಾಲು ಸೇರಿಸಿದ್ದೂ ಅವರೇ: ಹಕ್ಕು ಸರಿಯಾಗದಿದ್ದರೆ ಪೂರ್ತಿ ಹಣ ವಾಪಸ್. ಎಷ್ಟೋ ರಾತ್ರಿ ನನಗೆ ನಿದ್ದೆ ಬಂದಿದ್ದು ಆ ಸಾಲಿನಿಂದ.

ಮಧ್ಯವರ್ತಿ ಮಾತ್ರ "ಸುಮ್ನೆ ಯಾಕೆ ಕೆದಕ್ತೀರಾ, ಹಳೇ ಮನೆ ಅಂದ್ರೆ ಇಷ್ಟೇ" ಅನ್ನುತ್ತಿದ್ದರು. ಅವರಿಗೆ ಕಮಿಷನ್ ತಲುಪಿದೆ.

ಮಾರಿದವರಿಗೆ ಥ್ಯಾಂಕ್ಸ್ ಹೇಳಬೇಕು. ಮೊದಲು ಅವರಿಗೆ ಬೇಜಾರಾಯಿತು. "ಇಷ್ಟು ವರ್ಷ ಇದೇ ಮನೇಲಿ ಇದ್ದೀನಿ, ಯಾರೂ ಬಂದು ಕೇಳಿಲ್ಲ" ಎಂದರು. ಪಾಪ, ಅವರೂ ನಂಬಿಕೆಯ ಮೇಲೆ ಕೊಂಡವರೇ. ನಮ್ಮನ್ನು ಬಿಟ್ಟು ಬೇರೆಯವರಿಗೆ ಮಾರಬಹುದಿತ್ತು. ಬದಲಿಗೆ ಆ ಹಿರಿಯರ ಕುಟುಂಬವನ್ನು ಹುಡುಕಿಕೊಂಡು ಹೊರಟರು. ವಂಶವೃಕ್ಷ ಕೈಗೆ ಬಂದಾಗ ಇನ್ನಿಬ್ಬರು ಮಕ್ಕಳಿದ್ದದ್ದು ಗೊತ್ತಾಯಿತು. ಚಿಕ್ಕ ಮಗ ತೀರಿಕೊಂಡಿದ್ದರು. ಅವರ ಹೆಂಡತಿ, ಇಬ್ಬರು ಮಕ್ಕಳು ಇದ್ದರು. ಮಕ್ಕಳಿಗೆ 18 ದಾಟಿತ್ತು, ಬಚಾವಾದೆವು. ಇಲ್ಲದಿದ್ದರೆ ಅವರ ಪಾಲು ಮಾರಲು ಕೋರ್ಟಿನ ಅನುಮತಿಗೆ ಬೇರೆ ಕಾಯಬೇಕಿತ್ತು. ಮತ್ತೊಬ್ಬರು ಮಗಳು.

ನನ್ನ ತಂಗಿ ರಜೆ ಹಾಕಿ ರಿಜಿಸ್ಟರ್ ಆಫೀಸಿನಲ್ಲಿ ಕೂತು, ಕಳೆದುಹೋದ ಮೂಲಪತ್ರದ ದೃಢೀಕೃತ ನಕಲು ತೆಗೆಸಿದಳು. ಹೆಸರಿನಲ್ಲಿ ಒಂದು ಅಕ್ಷರ ಬೇರೆ ಇದ್ದದ್ದರಿಂದ ಎರಡು ದಿನ ಸಿಕ್ಕಿರಲಿಲ್ಲ. ಅದರ ಚಕ್ಕುಬಂದಿಯಲ್ಲಿ, ಅಂದರೆ ಸುತ್ತ ಏನಿದೆ ಅನ್ನುವ ವಿವರದಲ್ಲಿ, ನಾಲ್ಕೂ ಕಡೆ "ಖಾಲಿ ಜಾಗ" ಅಂತಿತ್ತು. ಈಗ ಕಿಟಕಿ ತೆಗೆದರೆ ಪಕ್ಕದ ಮನೆ ಗೋಡೆ! ಆ ಹಳೇ ಸಾಲ ತೀರಿತ್ತು, ತೀರಿದೆ ಅನ್ನುವ ಪತ್ರ ಮಾತ್ರ ಇರಲಿಲ್ಲ. ಅದಕ್ಕೆ ಎರಡು ತಿಂಗಳು ಹೋಯಿತು, ಬಿಡಿ.

ನನ್ನ ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ನಗುತ್ತಾಳೆ. ಆರನೇ ತಿಂಗಳಲ್ಲಿ ಅವಳು ಹೇಳಿದ್ದು: "ಬಿಡೋದಾದ್ರೆ ಇವತ್ತೇ ಬಿಡೋಣ. ಬಿಡಲ್ಲ ಅಂದ್ರೆ ಮುಖ ಊದಿಸ್ಕೊಂಡು ಓಡಾಡ್ಬೇಡಿ." ಅವತ್ತಿಂದ ಫೈಲು ಅವಳ ಕೈಗೆ ಹೋಯಿತು, ಕೆಲಸವೂ ಸಾಗಿತು.

ಕೊನೆಗೆ ಆ ಮಗಳು. ಈಗ ಅವರಿಗೆ ಎಪ್ಪತ್ತು ದಾಟಿದೆ. ಫೋನಿನಲ್ಲಿ "ಸಹಿ ಹಾಕ್ತೀನಪ್ಪಾ, ಆದ್ರೆ ಮೊದ್ಲು ಮನೆ ನೋಡ್ಬೇಕು" ಎಂದರು. ಬಂದರು. ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ನಾಲ್ಕನೇ ಮೆಟ್ಟಿಲಲ್ಲಿ ಕಾಲು ತಾನಾಗಿ ಗೋಡೆಯ ಕಡೆಗೆ ಸರಿಯಿತು. ಯಾಕಮ್ಮಾ ಅಂದೆ. "ಈ ಕಡೆ ಕಲ್ಲು ಅಲ್ಲಾಡತ್ತೆ. ಆಗಲೂ ಅಲ್ಲಾಡ್ತಿತ್ತು." ಕಾಲಿಟ್ಟು ನೋಡಿದೆ, ನಿಜ. ಮನೆಯನ್ನು ಐದು ಸಲ ನೋಡಿದ್ದ ನನಗೆ ಅದು ಗೊತ್ತೇ ಇರಲಿಲ್ಲ. ಇಳಿಯುವಾಗ, "ಅಣ್ಣ ಮಾರಿದಾಗ ನನ್ನನ್ನ ಯಾರೂ ಕೇಳ್ಲಿಲ್ಲ. ನೀವಾದ್ರೂ ಕೇಳಿದ್ರಲ್ಲ" ಎಂದರು. ಕೋಪವಿರಲಿಲ್ಲ. ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವರಿಗೂ ತಮ್ಮನ ಮನೆಯವರಿಗೂ ಸಲ್ಲಬೇಕಾದ ಹಣವನ್ನು ಮಾರಿದವರು ತಮಗೆ ಬಂದದ್ದರಲ್ಲೇ ಕೊಟ್ಟರು. ಎಲ್ಲರೂ ನಮ್ಮ ಕ್ರಯಪತ್ರದಲ್ಲೇ ಸಹಿ ಹಾಕಿದರು. ಆ ಅಮ್ಮ ಮಾತ್ರ ಕನ್ನಡಕ ಹಾಕಿಕೊಂಡು ಒಂದೊಂದು ಪುಟವನ್ನೂ ಓದಿಯೇ ಹಾಕಿದ್ದು.

ಎಲ್ಲರೂ ಒಮ್ಮೆ ಮನೆಗೆ ಬನ್ನಿ. ಮೆಟ್ಟಿಲು ಇನ್ನೂ ರಿಪೇರಿ ಮಾಡಿಸಿಲ್ಲ. ನಾಲ್ಕನೆಯದರಲ್ಲಿ ಗೋಡೆಯ ಕಡೆ ಕಾಲಿಡಿ.