ನಲ್ಲಿ ನೀರಿನ ಗಡಸುತನವನ್ನು ಪ್ರತಿ ತಿಂಗಳು ಪ್ರಕಟಿಸಲಿ

ಮಾನ್ಯ ಸಂಪಾದಕರೇ,

ಕುಮಟಾ, ಅಂಕೋಲಾ, ಕಾರವಾರದ ಕಡಲಂಚಿನ ಊರುಗಳಲ್ಲಿ ಬೇಸಿಗೆ ಬಂತೆಂದರೆ ಗೀಸರ್ ಕಾಯಿಲ್ ಸುಡುವುದು, ವಾಷಿಂಗ್ ಮೆಷಿನ್‌ಗೆ ನೀರು ಬರುವ ಜಾಲರಿ ಕಟ್ಟಿಕೊಳ್ಳುವುದು, ಎಷ್ಟು ಪುಡಿ ಹಾಕಿದರೂ ನೊರೆ ಏಳದಿರುವುದು ಮನೆಮನೆಯ ಮಾತು. ರಿಪೇರಿಗೆ ಬಂದವರು ‘ನಿಮ್ಮ ನೀರೇ ಸರಿಯಿಲ್ಲ’ ಎಂದು ಹೇಳಿ ಹೊಸ ಕಾಯಿಲ್ ಕೂರಿಸಿ ಹೋಗುತ್ತಾರೆ. ವಾರಂಟಿ ಕೇಳೋಣವೆಂದರೆ, ಗಡಸು ನೀರಿನಿಂದಾದ (ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುವ ನೀರಿನಿಂದಾದ) ಹಾನಿ ಅದರಲ್ಲಿ ಸೇರುವುದಿಲ್ಲ ಎಂಬ ಸಾಲು ಹಲವು ಕಾರ್ಡುಗಳಲ್ಲಿ ಮೊದಲೇ ಅಚ್ಚಾಗಿರುತ್ತದೆ. ಕಂಪನಿಗೆ ಗೊತ್ತಿರುವ, ಮೆಕ್ಯಾನಿಕ್‌ಗೂ ಗೊತ್ತಿರುವ ಈ ಸಂಗತಿಯನ್ನು ನೀರಿನ ಕರ ಕಟ್ಟುವ ನಮಗೆ ಮಾತ್ರ ಯಾರೂ ಅಂಕಿಯಲ್ಲಿ ಹೇಳುವುದಿಲ್ಲ. ನಮ್ಮ ಪಂಚಾಯಿತಿಯಲ್ಲಿ ವಿಚಾರಿಸಿದಾಗ ಸಿಕ್ಕ ಉತ್ತರ, ‘ಕುಡಿಯಲು ಯೋಗ್ಯವಾಗಿದೆ’ ಎಂಬುದಷ್ಟೇ.

ಆ ಉತ್ತರ ಸುಳ್ಳಲ್ಲದಿರಬಹುದು, ಆದರೆ ಸಾಲದು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೂ ಒಪ್ಪಬಹುದು. ಐನೂರರ ನೀರು ಕುಡಿದವರಿಗೆ ಏನೂ ಆಗದಿರಬಹುದು. ಅದೇ ನೀರು ಗೀಸರ್‌ನಲ್ಲಿ ಕಾದಾಗ ಬೈಕಾರ್ಬೊನೇಟ್ ಒಡೆದು ಕಾಯಿಲ್ ಮೇಲೆ ಸುಣ್ಣದ ಪದರ ಕೂರುತ್ತದೆ. ಪದರ ದಪ್ಪವಾದಂತೆ ಶಾಖ ನೀರಿಗೆ ದಾಟದೆ ಕಾಯಿಲ್‌ನಲ್ಲೇ ಉಳಿಯುತ್ತದೆ. ಕರೆಂಟ್ ಬಿಲ್ ಏರುತ್ತದೆ, ಕೊನೆಗೆ ಕಾಯಿಲ್ ಸುಡುತ್ತದೆ.

ನಮ್ಮ ಕರಾವಳಿಯ ಮಟ್ಟಿಗೆ ಇದರ ಹಿಂದೆ ಇನ್ನೂ ದೊಡ್ಡ ಆತಂಕವಿದೆ. ಯಾಣದಂತಹ ಸುಣ್ಣಕಲ್ಲಿನ ಜಾಗದಲ್ಲಿ ನೀರು ಗಡಸಾದರೆ ಅದಕ್ಕೆ ಕಲ್ಲು ಕಾರಣವೆನ್ನಬಹುದು. ಕಡಲ ಬದಿಯ ಚಿರೇಕಲ್ಲಿನ ನೆಲದಲ್ಲಿ ಬಾವಿ ನೀರು ಸಾಮಾನ್ಯವಾಗಿ ಮೆದುವಾಗಿಯೇ ಇರುತ್ತದೆ. ಅದು ಬೇಸಿಗೆಯಲ್ಲಿ ಒಮ್ಮೆಲೇ ಗಡಸಾಯಿತೆಂದರೆ ಮೊದಲು ಅನುಮಾನಿಸಬೇಕಾದದ್ದು ಸಮುದ್ರವನ್ನು. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ ಹೇರಳವಾಗಿದ್ದು, ಅದರ ಗಡಸುತನ ಲೀಟರಿಗೆ 6,000 ಮಿಲಿಗ್ರಾಂ ದಾಟುತ್ತದೆ. ನೂರು ಕೊಡ ಸಿಹಿನೀರಿಗೆ ಮೂರು ಕೊಡ ಸಮುದ್ರದ ನೀರು ಬೆರೆತರೂ ಸಾಕು, ಗಡಸುತನ ಸುಮಾರು 200ರಷ್ಟು ಏರುತ್ತದೆ. ಉಪ್ಪಿನ ಅಂಶವಾದ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರುತ್ತದೆ. ಕ್ಲೋರೈಡ್‌ಗೆ ಮಾನಕ ಹೇಳುವ ಮಿತಿ 250. ಈ ಬಗೆಯ ಗಡಸುತನ ಕುದಿಸಿದರೂ ಹೋಗುವುದಿಲ್ಲ, ಜೊತೆಗೆ ಕ್ಲೋರೈಡ್ ಗೀಸರ್‌ನ ಸ್ಟೀಲ್ ಟ್ಯಾಂಕನ್ನೂ ತಿನ್ನುತ್ತದೆ.

ಸಿಹಿನೀರು ಸಮುದ್ರದ ನೀರಿಗಿಂತ ಹಗುರ. ಹಾಗಾಗಿ ಕಡಲ ಬದಿಯಲ್ಲಿ ಅದು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಭೂಜಲ ತಜ್ಞರ ಲೆಕ್ಕದಂತೆ ಅಂತರ್ಜಲ ಒಂದು ಅಡಿ ಇಳಿದರೆ ಕೆಳಗಿನ ಉಪ್ಪುನೀರು ಸುಮಾರು ನಲವತ್ತು ಅಡಿ ಮೇಲೇರಬಲ್ಲದು. ಮಾರ್ಚ್ ಕಳೆದ ಮೇಲೆ ಬೋರ್‌ವೆಲ್‌ಗಳಿಂದ ಹಗಲಿರುಳು ನೀರೆತ್ತುವವರು ಇದೊಂದನ್ನು ನೆನಪಿನಲ್ಲಿಡಬೇಕು. ಹರಿವು ತಗ್ಗಿದಾಗ ಗಂಗಾವಳಿ, ಅಘನಾಶಿನಿ ನದಿಗಳಲ್ಲೂ ಭರತದ ನೀರು ಒಳಕ್ಕೆ ಏರಿ ಬರುತ್ತದೆ.

ಮನೆಯವರು ಕಂಡುಕೊಂಡಿರುವ ಪರಿಹಾರಗಳು ಸಮಸ್ಯೆಯನ್ನು ಹೆಚ್ಚಿಸುತ್ತಿರುವುದು ನನ್ನನ್ನು ತುಂಬಾ ಕಾಡುತ್ತಿದೆ. ಆರ್‌ಒ ಯಂತ್ರದ ನೀರು ಅಡುಗೆಮನೆ ದಾಟಿ ಬಚ್ಚಲಿಗೆ ಹೋಗುವುದಿಲ್ಲ. ಯಂತ್ರ ಹೊರಚೆಲ್ಲುವ ನೀರಿಗಾಗಿ ಬಾವಿಯಿಂದ ಇನ್ನಷ್ಟು ಎತ್ತಬೇಕಾಗುತ್ತದೆ. ಗಡಸುತನ ತೆಗೆಯುವ ಸಾಫ್ಟ್‌ನರ್ ಯಂತ್ರ ಕೂರಿಸಿದವರು ಅದನ್ನು ಆಗಾಗ ಉಪ್ಪುನೀರಿನಿಂದ ತೊಳೆಯಬೇಕು. ಆ ಉಪ್ಪುನೀರು ಹಿತ್ತಲಿನ ಇಂಗುಗುಂಡಿಗೆ ಬಿದ್ದರೆ ನೀರು ಬೇಗ ಇಂಗುವ ನಮ್ಮ ನೆಲದಲ್ಲಿ ಪಕ್ಕದ ಬಾವಿಗೆ ಇಳಿಯಲು ಎಷ್ಟು ಹೊತ್ತು? ಇದಕ್ಕಿಂತ ಗೀಸರ್‌ನ ಥರ್ಮೋಸ್ಟಾಟನ್ನು 50–55 ಡಿಗ್ರಿಗೆ ಇಳಿಸುವುದು, ವರ್ಷಕ್ಕೊಮ್ಮೆ ಟ್ಯಾಂಕ್ ತೊಳೆಸಿ ಟ್ಯಾಂಕಿನ ಬದಲು ತಾನು ಸವೆಯುವ ಒಳಗಿನ ಮೆಗ್ನೀಸಿಯಂ ಸರಳನ್ನು ನೋಡಿಸುವುದು ಒಳ್ಳೆಯದು. ಇವಾದರೂ ಯಂತ್ರವನ್ನು ಒಂದಷ್ಟು ಕಾಲ ಉಳಿಸುತ್ತವೆ, ನೀರನ್ನಲ್ಲ.

ಅಳೆಯುವುದು ಕಷ್ಟದ ಕೆಲಸವಲ್ಲ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್‌ನಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ನೀಡಬೇಕೆಂದಿದೆ. ಗಡಸುತನ, ಕ್ಲೋರೈಡ್ ಎರಡನ್ನೂ ಆ ಕಿಟ್‌ನಿಂದ ಕೆಲವೇ ನಿಮಿಷಗಳಲ್ಲಿ ತಿಳಿಯಬಹುದು. ಆದರೆ ಯಾವಾಗ ಅಳೆಯುತ್ತಾರೆ ಎಂಬುದು ಮುಖ್ಯ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯ ಕರಾವಳಿಯಲ್ಲಿ ಆಗಸ್ಟ್‌ನಲ್ಲಿ ತೆಗೆದ ಮಾದರಿ ಚೆನ್ನಾಗಿಯೇ ಇರುತ್ತದೆ. ಆ ವರದಿಯನ್ನು ಮೇ ತಿಂಗಳಿನಲ್ಲಿ ತೋರಿಸಿ ನೀರು ಚೆನ್ನಾಗಿದೆ ಎಂದರೆ ಒಪ್ಪುವುದು ಹೇಗೆ? ಫೆಬ್ರವರಿಯಿಂದ ಮೊದಲ ಮಳೆಯವರೆಗಿನ ಅಂಕಿಗಳೇ ನಮಗೆ ಬೇಕಾದವು. ಗಡಸುತನ, ಕ್ಲೋರೈಡ್ ಎರಡೂ ಒಟ್ಟಿಗೆ ಏರಿದರೆ ಕಡಲು ಒಳಬರುತ್ತಿದೆ ಎಂದು ತಿಳಿಯಬಹುದು. ಆ ನೀರು ಕೊಡುವ ಬೋರ್‌ವೆಲ್‌ಗೆ ಆಗಲೇ ವಿರಾಮ ಕೊಟ್ಟರೆ ಬಾವಿಗಳು ಉಳಿಯುತ್ತವೆ.

ಆದ್ದರಿಂದ ಕರಾವಳಿಯ ಎಲ್ಲ ಗ್ರಾಮ ಪಂಚಾಯಿತಿಗಳು, ಪುರಸಭೆಗಳು ಮತ್ತು ನಗರಸಭೆಗಳು ನಲ್ಲಿ ನೀರಿನ ಗಡಸುತನ ಹಾಗೂ ಕ್ಲೋರೈಡ್ ಪ್ರಮಾಣವನ್ನು ವಾರ್ಡ್‌ವಾರು ಪ್ರತಿ ತಿಂಗಳು ಫಲಕದಲ್ಲಿ ಬರೆಯಬೇಕು, ನೀರಿನ ಬಿಲ್ಲಿನಲ್ಲೂ ಮುದ್ರಿಸಬೇಕು. ನದಿ ನೀರಿಗೆ ಬೋರ್‌ವೆಲ್ ನೀರು ಬೆರೆಸುವ ದಿನಗಳನ್ನು ಮುಂಚಿತವಾಗಿ ತಿಳಿಸಬೇಕು. ಈ ಬೇಸಿಗೆಗೆ ಮುನ್ನವೇ ಇದು ಜಾರಿಯಾಗುವಂತೆ ಜಿಲ್ಲಾಡಳಿತ ಸೂಚನೆ ನೀಡಲಿ ಎಂದು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

– ಓದುಗಿ, ಕುಮಟಾ ತಾಲ್ಲೂಕು